ರಿಲೇಯೋ ಚಿಪ್ಪೋ? ಕಾರವಾರದ ಉಪ್ಪು ಗಾಳಿಯಲ್ಲಿ ಎರಡು ಹಳೇ ಪಿನ್‌ಬಾಲ್ ಮಷೀನು

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಗೆ ಹೋಗಿ ತರುವ ಸಾಮಾನಿನ ರಿವ್ಯೂ ಅಲ್ಲ. ಎರಡೂ ಮಷೀನುಗಳಿಗೆ ಹತ್ತಿರ ಹತ್ತಿರ ಐವತ್ತು ವರ್ಷ. ವಾರಂಟಿ ಇಲ್ಲ, ರಿಪೇರಿಗೆ ಯಾರೂ ಬರುವುದಿಲ್ಲ, ಬಿಡಿಭಾಗ ಬೇಕಾದರೆ ಹೊರದೇಶದಿಂದ ತರಿಸಬೇಕು. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಕೊಳ್ಳುವ ಮೊದಲು ಓದಿದ್ದೆಲ್ಲ ಒಣ ಹವೆಯ ಊರಿನವರು ಬರೆದದ್ದು. ಸಮುದ್ರದಿಂದ ಮುನ್ನೂರು ಮೀಟರ್ ದೂರದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬನಿಯನ್ನೂ ಒಣಗದ ಮನೆಯಲ್ಲಿ ಇಂಥದ್ದನ್ನು ಇಟ್ಟರೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಪಿನ್‌ಬಾಲ್ ನೋಡದವರಿಗೆ ಎರಡು ಮಾತು. ಚಿಕ್ಕಂದಿನಲ್ಲಿ ಮರದ ಹಲಗೆಗೆ ಮೊಳೆ ಹೊಡೆದ ಬಗಾಟೆಲ್ ಆಡಿದ್ದೀರಲ್ವಾ, ಸ್ಪ್ರಿಂಗ್ ಎಳೆದು ಗೋಲಿ ಬಿಡುವುದು, ಅದರ ಮೊಮ್ಮಗ ಇದು. ಇಳಿಜಾರು ಮೇಜು, ಮೇಲೆ ಗಾಜು, ಒಳಗೆ 27 ಮಿಲಿಮೀಟರಿನ 80 ಗ್ರಾಂ ತೂಕದ ಉಕ್ಕಿನ ಗುಂಡು. ಗುಂಡು ಕೆಳಗೆ ಬೀಳುವ ಮೊದಲು, ಗುಂಡಿ ಒತ್ತಿದರೆ ಎಗರುವ ಪುಟ್ಟ ತೋಳುಗಳಾದ ಎರಡು ಫ್ಲಿಪ್ಪರ್‌ಗಳಿಂದ ಮತ್ತೆ ಮೇಲಕ್ಕೆ ಹೊಡೆಯಬೇಕು. ಈ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮಷೀನಿನಲ್ಲಿ. ಅದಕ್ಕಿಂತ ಮೊದಲು ಗುಂಡು ಬಿಟ್ಟು ದೇವರ ಮೇಲೆ ಭಾರ ಹಾಕುವುದಷ್ಟೇ. ಅದಕ್ಕೇ ಇದನ್ನು ಜೂಜು ಅಂತ ನ್ಯೂಯಾರ್ಕ್ ನಗರದಲ್ಲಿ 1942ರಿಂದ ನಿಷೇಧಿಸಿದ್ದರು. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಎದುರು ಮಷೀನಿನ ಮುಂದೆ ನಿಂತು, ಗುಂಡು ಇಂಥ ಸಂದಿಯಲ್ಲೇ ಹೋಗುತ್ತದೆ ನೋಡಿ ಅಂತ ಮೊದಲೇ ಹೇಳಿ ಸ್ಪ್ರಿಂಗ್ ಎಳೆದು ಬಿಟ್ಟ. ಹೋಯಿತು. ನಿಷೇಧವೂ ಹೋಯಿತು.

ನಮ್ಮ ಮೊದಲ ಮಷೀನು ಅದೇ 1976ರದ್ದು. ಗಾಟ್ಲೀಬ್ ರಾಯಲ್ ಫ್ಲಶ್. ಎರಡನೆಯದು 1977ರ ಬ್ಯಾಲಿ ಎಯ್ಟ್ ಬಾಲ್. ಮಧ್ಯೆ ಒಂದೇ ವರ್ಷ. ಹೊರಗಿಂದ ನೋಡಿದರೆ ಅಣ್ಣ ತಮ್ಮ. ಕೆಳಗಿನ ಹಲಗೆ ಎತ್ತಿ ನೋಡಿದರೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಗೋವಾದಲ್ಲಿ ಮುಚ್ಚಿದ ಒಂದು ಹೋಟೆಲಿನ ಗೋದಾಮಿನಲ್ಲಿ ಎರಡೂ ಬಿದ್ದಿದ್ದವು. ಶಿರಸಿಯ ನನ್ನ ಭಾವನಿಗೂ ನನಗೂ ಹಳೇ ರೇಡಿಯೋ, ಟೇಪ್ ರೆಕಾರ್ಡರ್ ಅಂತ ತಂದು ತುಂಬಿಕೊಳ್ಳುವ ಹುಚ್ಚು ಮೊದಲಿನಿಂದಲೂ ಇದೆ. ಅವನಿಗೆ ಒಂದು, ನನಗೊಂದು ಅಂತ ಲೆಕ್ಕ ಹಾಕಿ, ಕಾಲು ಬಿಚ್ಚಿ, ಟೆಂಪೋದಲ್ಲಿ ಮಲಗಿಸಿ ಕಾಳಿ ನದಿ ದಾಟಿಸಿ ಕಾರವಾರಕ್ಕೆ ತಂದೆವು. ಒಂದೊಂದೂ ನೂರು ಕಿಲೋ ಮೇಲೆಯೇ. ಇಳಿಸಲು ನಾಲ್ಕು ಜನ ಬೇಕಾಯಿತು, ಅವರಲ್ಲಿ ಒಬ್ಬರು "ಇದ್ರಲ್ಲಿ ದುಡ್ಡು ಹಾಕಿದ್ರೆ ಏನು ಬರ್ತದೆ?" ಅಂತ ಕೇಳಿದರು. ಏನೂ ಬರುವುದಿಲ್ಲ ಅಂದಾಗ ಅವರ ಮುಖ ನೋಡಬೇಕಿತ್ತು.

ರಾಯಲ್ ಫ್ಲಶ್ ಎಲೆಕ್ಟ್ರೋಮೆಕಾನಿಕಲ್ ಜಾತಿಯದ್ದು. ಒಳಗೆ ಚಿಪ್ ಇಲ್ಲ, ಟ್ರಾನ್ಸಿಸ್ಟರ್ ಕೂಡ ಇಲ್ಲ. ಇರುವುದೆಲ್ಲ ರಿಲೇ (ಕರೆಂಟ್ ಬಂದಾಗ ಅಯಸ್ಕಾಂತದ ಹಾಗೆ ಎಳೆದು ಬೇರೆ ಸ್ವಿಚ್ ಒತ್ತುವ ತುಣುಕು), ಕಾಯಿಲ್ ಅಂದರೆ ತಂತಿಯ ಸುರುಳಿ, ಸ್ಪ್ರಿಂಗ್, ಹಲ್ಲು ಚಕ್ರ, ಮತ್ತೆ ಒಂದು ಸಣ್ಣ ಮೋಟರ್. ಅದಕ್ಕೆ ಸ್ಕೋರ್ ಮೋಟರ್ ಅನ್ನುತ್ತಾರೆ. ಗುಂಡು 500 ಅಂಕದ ಟಾರ್ಗೆಟ್‌ಗೆ ಬಡಿಯಿತು ಅನ್ನಿ. ಒಂದು ರಿಲೇ ಟಕ್ ಅಂತ ಹಿಡಿಯುತ್ತದೆ, ಮೋಟರ್ ತಿರುಗುತ್ತದೆ, ಅದರ ಗಾಲಿಯ ಹಲ್ಲು ಸ್ವಿಚ್ಚನ್ನು ಐದು ಸಲ ಒತ್ತುತ್ತದೆ, ನೂರರ ಸ್ಕೋರ್ ಚಕ್ರ ಐದು ಮನೆ ಮುಂದೆ ಹೋಗುತ್ತದೆ, ಪ್ರತಿ ಮನೆಗೂ ಒಂದು ಲೋಹದ ಪಟ್ಟಿಗೆ ಸುತ್ತಿಗೆ ಬಡಿದು ಟಿಂಗ್ ಅನ್ನುತ್ತದೆ. ಅಂದರೆ ಆ ಮಷೀನು ಲೆಕ್ಕ ಮಾಡುವುದು ನಿಮ್ಮ ಕಿವಿಗೆ ಕೇಳುತ್ತದೆ. ಹತ್ತು, ನೂರು, ಸಾವಿರ ಒಂದೊಂದಕ್ಕೂ ಬೇರೆ ಸ್ವರ. ಸ್ವಲ್ಪ ದಿನ ಆಡಿದರೆ ಸ್ಕೋರ್ ನೋಡುವುದೇ ಬೇಡ.

ಆಟ ಶುರು ಮಾಡುವ ಗುಂಡಿ ಒತ್ತಿದಾಗ ಬರುವ ಸದ್ದಿಗೇ ಅರ್ಧ ದುಡ್ಡು ಕೊಡಬಹುದು. ಹಿಂದಿನ ಆಟದ ಅಂಕಿಗಳೆಲ್ಲ ಗರಗರ ತಿರುಗಿ ಸೊನ್ನೆಗೆ ಬಂದು ನಿಲ್ಲುತ್ತವೆ, ರಿಲೇಗಳು ಪಟಪಟ, ಕೊನೆಗೆ ಗುಂಡನ್ನು ಸ್ಪ್ರಿಂಗಿನ ಬಾಯಿಗೆ ತಳ್ಳುವ ಧಡ್. ಪಕ್ಕದ ಮನೆಯ ಮಕ್ಕಳು ಇದಕ್ಕೆ ಟಣ್ ಟಣ್ ಮಷೀನು ಅಂತ ಹೆಸರಿಟ್ಟಿದ್ದಾರೆ.

ಈಗ ಕಷ್ಟದ ಮಾತು. ಈ ಮಷೀನಿನಲ್ಲಿ ಕಾಂಟ್ಯಾಕ್ಟ್‌ಗಳು ನೂರಾರು. ತೆಳು ಪಟ್ಟಿಯ ತುದಿಗೆ ಸಾಸಿವೆ ಕಾಳಿನಷ್ಟು ಲೋಹದ ಬೊಟ್ಟು, ಅಂಥ ಎರಡು ಬೊಟ್ಟು ಮುಟ್ಟಿದರೆ ಕರೆಂಟ್ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದು ಬೊಟ್ಟಿಗೆ ಕಿಲುಬು ಬಂದರೆ ಒಂದು ಕೆಲಸ ನಿಂತಿತು. ನಮ್ಮ ಕಡಲ ಗಾಳಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ, ಎಲ್ಲದರ ಮೇಲೂ ಸಮನಾಗಿ ಕೂರುತ್ತದೆ. ಮೊದಲ ಮಳೆಗಾಲದಲ್ಲಿ ಎರಡೂ ಮಷೀನು ನನ್ನ ಮನೆಯಲ್ಲೇ ಇದ್ದವು, ಭಾವನ ಮನೆಯಲ್ಲಿ ಕೋಣೆ ತಯಾರಾಗಿರಲಿಲ್ಲ. ಆ ನಾಲ್ಕು ತಿಂಗಳು ನನ್ನ ಭಾನುವಾರಗಳೆಲ್ಲ ಹೇಗೆ ಹೋದವು ಅಂದರೆ, ಬೆಳಿಗ್ಗೆ ದೋಸೆ ತಿಂದು ಹಲಗೆ ಎತ್ತಿ ಕೋಲು ಕೊಟ್ಟು ನಿಲ್ಲಿಸುವುದು, ಸಣ್ಣ ಅರ ಹಿಡಿದು ಬೊಟ್ಟು ತಿಕ್ಕುವುದು, ಮಧ್ಯಾಹ್ನ ಊಟಕ್ಕೆ ಕರೆಯುವ ತನಕ. ಒಂದು ವಾರ ನೂರರ ಚಕ್ರ ನಿಲ್ಲದೆ ತಿರುಗುತ್ತಿತ್ತು. ಅದರ ಮುಂದಿನ ವಾರ ಎರಡನೇ ಆಟಗಾರನ ಅಂಕ ಮೊದಲನೆಯವನ ಖಾತೆಗೆ. ಇನ್ನೊಮ್ಮೆ ಒಂದು ರಿಲೇ ಬಿಡುವುದೇ ಇಲ್ಲ. ನೋಡಿದರೆ ಹಲ್ಲಿ ಮರಿಯೊಂದು ಸಿಕ್ಕಿಕೊಂಡು ಒಣಗಿ ಅಲ್ಲೇ ಇದೆ.

ಆದರೆ ಒಂದು ಗಮನಿಸಿ. ಇಷ್ಟನ್ನೂ ಸರಿ ಮಾಡಿದ್ದು ನಾನೇ. ನಾನು ಎಂಜಿನಿಯರ್ ಅಲ್ಲ, ಲೆಕ್ಕಪತ್ರ ಬರೆಯುವವನು. ಬೇಕಾಗಿದ್ದು ಒಂದು ಅರ, ಒಂದು ಸ್ಕ್ರೂಡ್ರೈವರ್, ಬ್ಯಾಟರಿ ಟಾರ್ಚು, ಮತ್ತೆ ಮಷೀನಿನ ಸರ್ಕ್ಯೂಟ್ ಚಿತ್ರ. ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಯಾವ ರಿಲೇ ಎಳೆಯಬೇಕಿತ್ತು, ಎಳೆಯಲಿಲ್ಲ, ಅಷ್ಟೇ. ಬೆರಳಲ್ಲಿ ಒತ್ತಿ ನೋಡಬಹುದು. ಕಾಯಿಲ್‌ಗೆ ಹೋಗುವುದು 25 ವೋಲ್ಟ್ ಆಸುಪಾಸು, ಬಲ್ಬಿಗೆ 6 ವೋಲ್ಟ್. ಗೋಡೆಯ ಕರೆಂಟ್ ನೇರ ಬರುವ ಜಾಗ ಗೊತ್ತಿಟ್ಟುಕೊಂಡರೆ ಸಾಕು. ಒಂದೇ ಎಚ್ಚರಿಕೆ: ಎಣ್ಣೆ ಹಾಕಬೇಡಿ. ನಮ್ಮಲ್ಲಿ ಏನು ಕಿರುಗುಟ್ಟಿದರೂ ಹೊಲಿಗೆ ಮಷೀನಿನ ಎಣ್ಣೆ ಬಿಡುವ ಚಟ. ಗೋದಾಮಿನಲ್ಲಿ ಯಾರೋ ಪುಣ್ಯಾತ್ಮ ಹಾಗೇ ಮಾಡಿದ್ದ. ಎಣ್ಣೆಗೆ ಧೂಳು ಸೇರಿ ಗೋಂದಿನ ಹಾಗೆ ಆಗಿ, ಅಂಕಿ ಚಕ್ರಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಅದನ್ನು ತೆಗೆಯಲು ಎರಡು ವಾರ ಹಿಡಿಯಿತು.

ಇನ್ನು ಎಯ್ಟ್ ಬಾಲ್. ಇದು ಮೊದಲ ತಲೆಮಾರಿನ ಎಲೆಕ್ಟ್ರಾನಿಕ್ ಮಷೀನು. ಮೊಟೊರೋಲಾ 6800 ಪ್ರೊಸೆಸರ್, ನಾಲ್ಕಾರು ಬೋರ್ಡು, ಅಂಕಿ ಚಕ್ರದ ಬದಲು ಕಿತ್ತಳೆ ಬಣ್ಣದ ಡಿಸ್‌ಪ್ಲೇ. ಆ ಕಾಲದಲ್ಲಿ 20,230 ಮಷೀನು ಮಾರಾಟವಾಗಿ ದಾಖಲೆ ಮಾಡಿತ್ತು, 1992ರಲ್ಲಿ ಬಂದ ಆಡಮ್ಸ್ ಫ್ಯಾಮಿಲಿ ಮಷೀನು ಅದನ್ನು ದಾಟುವ ತನಕ ಮುರಿದಿರಲಿಲ್ಲ. ಇಷ್ಟೆಲ್ಲ ಓದಿಕೊಂಡು ಖುಷಿಯಿಂದ ಸ್ವಿಚ್ ಹಾಕಿದೆ. ಬಲ್ಬು ಹತ್ತಿತು. ಬೇರೆ ಏನೂ ಇಲ್ಲ. ಗುಂಡಿ ಒತ್ತಿದರೆ ಕಲ್ಲು. ರಿಲೇ ಮಷೀನಾದರೆ ಹಲಗೆ ಎತ್ತಿ ಏನಾದರೂ ಕೆರೆಯಬಹುದಿತ್ತು, ಇಲ್ಲಿ ಕೆರೆಯುವುದು ಏನನ್ನು?

ಮೆದುಳಿನ ಬೋರ್ಡ್ ಬಿಚ್ಚಿ ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಎರಡು ತಿಂಗಳು ಇಟ್ಟುಕೊಂಡರು. ಫೋನ್ ಮಾಡಿದಾಗೆಲ್ಲ "ಸೋಮವಾರ ನೋಡೋಣ್ರಿ". ಕೊನೆಗೆ ನಾನೇ ಹೋಗಿ ತಂದೆ, ಕಟ್ಟಿದ ಪೇಪರ್ ಕೂಡ ಬಿಚ್ಚಿರಲಿಲ್ಲ.

ಸಿಟ್ಟಿನಲ್ಲಿ ನಾನೇ ಕೂತೆ. ಭೂತಗನ್ನಡಿ ಹಿಡಿದು ನೋಡಿದರೆ ರೋಗ ಕಣ್ಣೆದುರೇ ಇತ್ತು. ಈ ಬೋರ್ಡಿನ ಮೂಲೆಯಲ್ಲಿ 3.6 ವೋಲ್ಟಿನ ಒಂದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಕೂರಿಸಿದ್ದಾರೆ. ಮಷೀನು ಆಫ್ ಆದಾಗ ಹೈ ಸ್ಕೋರ್ ನೆನಪಿಟ್ಟುಕೊಳ್ಳಲು. ವರ್ಷ ಕಳೆದ ಮೇಲೆ ಅದು ಸೋರುತ್ತದೆ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ನಮ್ಮದರಲ್ಲಿ ಬ್ಯಾಟರಿಯ ಸುತ್ತ ನಾಲ್ಕು ಬೆರಳಗಲ ಹಸಿರು ಪಾಚಿ ಕಟ್ಟಿದ ಹಾಗೆ ಕಿಲುಬು. ಪ್ರೊಸೆಸರ್ ಎಬ್ಬಿಸುವ ರೀಸೆಟ್ ಭಾಗವೂ ಅದೇ ಜಾಗದಲ್ಲಿ ಇರುವುದು, ಹಾಗಾಗಿ ಮಷೀನು ಏಳುವುದೇ ಇಲ್ಲ.

ಬ್ಯಾಟರಿ ಕತ್ತರಿಸಿ ಎಸೆದೆ. ಸೋರಿದ್ದು ಕ್ಷಾರ, ಅದನ್ನು ತಣಿಸಲು ಹುಳಿ ಬೇಕು. ಅಡುಗೆಮನೆಯ ವಿನೆಗರ್ ತಂದು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದೆ, ಆಮೇಲೆ ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. (ಆ ವಿನೆಗರ್ ಶೀಶೆ ಹೋದ ಲೆಕ್ಕ ನನ್ನ ಹೆಂಡತಿ ಇನ್ನೂ ಕೇಳುತ್ತಿರುತ್ತಾಳೆ.) ತಿಂದುಹೋದ ಗೆರೆಗಳ ಜಾಗಕ್ಕೆ ಸಣ್ಣ ತಂತಿ ಬೆಸೆದೆ, ನಾಲ್ಕು ರೆಸಿಸ್ಟರ್, ಒಂದು ಟ್ರಾನ್ಸಿಸ್ಟರ್ ಬದಲಿಸಿದೆ. ಹೊಸ ಬ್ಯಾಟರಿಯನ್ನು ಬೋರ್ಡ್ ಮೇಲೆ ಇಡಲಿಲ್ಲ, ಉದ್ದ ತಂತಿ ಎಳೆದು ದೂರದಲ್ಲಿ ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿ ಅಂಟಿಸಿದೆ, ಮಧ್ಯೆ ಒಂದು ಡಯೋಡ್, ಮಷೀನು ಸೆಲ್ಲನ್ನು ಚಾರ್ಜ್ ಮಾಡಲು ಹೋಗಬಾರದು ಅಂತ.

ಈ ಬ್ಯಾಲಿ ಬೋರ್ಡಿನ ಒಂದು ಗುಣ ನನಗೆ ಬಹಳ ಇಷ್ಟವಾಯಿತು. ಅದರ ಮೇಲೆ ಒಂದು ಪುಟ್ಟ ಕೆಂಪು ಎಲ್‌ಇಡಿ ಇದೆ. ಸ್ವಿಚ್ ಹಾಕಿದಾಗ ಬೋರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು, ಒಂದೊಂದು ಭಾಗ ಸರಿ ಇದ್ದರೆ ಒಂದೊಂದು ಸಲ ಮಿನುಗುತ್ತದೆ. ಏಳು ಸಲ ಮಿನುಗಿದರೆ ಆರೋಗ್ಯ. ನನ್ನದು ಆರಕ್ಕೆ ನಿಂತಿತು. ರಾತ್ರಿ ಹನ್ನೊಂದೂವರೆ, ಹೊರಗೆ ಸುರಿಯುವ ಮಳೆ, ನಾನು ಸ್ವಿಚ್ ಆಫ್ ಮಾಡಿ ಆನ್ ಮಾಡಿ ಎಣಿಸುತ್ತಿದ್ದೇನೆ, ಮತ್ತೆ ಮತ್ತೆ ಆರು. ಪುಸ್ತಕ ನೋಡಿದರೆ ಏಳನೆಯದು ಬರಬೇಕಾದರೆ ಕಾಯಿಲ್‌ಗಳಿಗೆ ಹೋಗುವ 43 ವೋಲ್ಟ್ ಡಿಸಿ ಇರಬೇಕು. ಬೋರ್ಡ್ ಸರಿಯಾಗಿಯೇ ಇತ್ತು, ಬೇರೆ ಕಡೆ ಒಂದು ಫ್ಯೂಸ್ ಹೋಗಿತ್ತು. ಫ್ಯೂಸ್ ಹಾಕಿದೆ. ಏಳು.

ಅವತ್ತಿನಿಂದ ಎರಡು ಮಳೆಗಾಲ ಆಯಿತು. ಎಯ್ಟ್ ಬಾಲ್ ಕಾರವಾರದಲ್ಲೇ ಇದೆ. ಆಮೇಲೆ ಬಂದ ತೊಂದರೆ ಒಂದೇ, ಒಂದು ಕನೆಕ್ಟರ್‌ನ ಪಿನ್ ಬಿಸಿಯಾಗಿ ಕಪ್ಪಾಗಿತ್ತು, ಬದಲಿಸಿದೆ. ಇಲ್ಲಿ ನನಗೆ ಹೊಳೆದದ್ದು ಇಷ್ಟು. ಮೊದಲ ಕಾಲದ ಎಲೆಕ್ಟ್ರಾನಿಕ್ ಮಷೀನುಗಳಿಗೆ ಭರವಸೆ ಇಲ್ಲ ಅಂತ ಹೆಸರು ಬಂದದ್ದು ಚಿಪ್ಪಿನಿಂದ ಅಲ್ಲ. ಸೋರುವ ಬ್ಯಾಟರಿ, ಸುಡುವ ಕನೆಕ್ಟರ್, ಕೆಲವು ಕಂಪನಿಗಳಲ್ಲಿ ಸರಿ ಇಲ್ಲದ ಗ್ರೌಂಡ್ ತಂತಿ, ಇವುಗಳಿಂದ. ಇಷ್ಟನ್ನು ಒಮ್ಮೆ ಸರಿ ಮಾಡಿದರೆ ಅದು ಸುಮ್ನೆ ನಡೆಯುತ್ತದೆ. ಉಪ್ಪು ಗಾಳಿಗೆ ಸಿಗುವ ಕಾಂಟ್ಯಾಕ್ಟ್‌ಗಳ ಲೆಕ್ಕ ಹಾಕಿದರೂ ಇದೇ ಮೇಲು. ಈ ಬೋರ್ಡು ಓದಬಲ್ಲ ಸ್ವಿಚ್‌ಗಳೇ ಒಟ್ಟು 40, ಎಂಟು ಸಾಲು ಐದು ಕಂಬ. ಆ ಕಡೆ ನೂರಾರು. ಆದರೆ ಈ 40ಕ್ಕೆ ಅರ ಮುಟ್ಟಿಸಬೇಡಿ, ಮೇಲೆ ತೆಳು ಚಿನ್ನದ ಲೇಪ ಇರುತ್ತದೆ. ದಪ್ಪ ಕಾಗದ ಮಧ್ಯೆ ಇಟ್ಟು ಎಳೆದರೆ ಸಾಕು. ನಾನು ಹಳೇ ಮದುವೆ ಕಾಗದದ ತುಂಡು ಬಳಸುತ್ತೇನೆ. ಹಾಗೇ ಡಿಸ್‌ಪ್ಲೇ ಹತ್ತಿರ ಬೆರಳು ಹಾಕುವ ಸಾಹಸ ಬೇಡ, ಅಲ್ಲಿ ಇನ್ನೂರರ ಹತ್ತಿರ ವೋಲ್ಟ್ ಇರುತ್ತದೆ.

ಆಟ? ಭಾವನಿಗೂ ನನಗೂ ಜಗಳ ಇರುವುದು ಇಲ್ಲೇ.

ರಾಯಲ್ ಫ್ಲಶ್‌ನ ಜೀವ ಇರುವುದು ಇಸ್ಪೀಟು ಎಲೆಯ ಚಿತ್ರ ಬರೆದ ಡ್ರಾಪ್ ಟಾರ್ಗೆಟ್‌ಗಳ ಉದ್ದ ಸಾಲಿನಲ್ಲಿ. ಒಂದೊಂದೇ ಹೊಡೆದು ಮಲಗಿಸಬೇಕು. ಗುಂಡು ನಿಧಾನ, ಯೋಚನೆಗೆ ಸಮಯ ಸಿಗುತ್ತದೆ. ಸಂಜೆ ಚಹಾ ಲೋಟ ಪಕ್ಕದಲ್ಲಿಟ್ಟು ಮಾತಾಡುತ್ತಾ ಆಡುವ ಆಟ. ನಮ್ಮ ಕಡೆ ಅದು ಇನ್ನೂ ಸ್ವಲ್ಪ ನಿಧಾನ, ಯಾಕೆಂದರೆ ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ ಸ್ಕೋರ್ ಮೋಟರ್ ನಮ್ಮ 50 ಹರ್ಟ್ಸ್‌ನಲ್ಲಿ ತಣ್ಣಗೆ ತಿರುಗುತ್ತದೆ. ಮೋಟರ್ ತಿರುಗುತ್ತಿರುವಾಗ ಗುಂಡು ಬೇರೆ ಕಡೆ ಬಡಿದರೆ ಎಷ್ಟೋ ಸಲ ಆ ಅಂಕ ಸಿಗುವುದೇ ಇಲ್ಲ. ಮಷೀನು ಒಂದು ಕೆಲಸ ಮುಗಿಸಿಯೇ ಇನ್ನೊಂದು. ಭಾವನಿಗೆ ಇದೇ ಚಂದ. ನನಗೆ ಕೈಗೆ ಬಂದ ತುತ್ತು ಹೋದ ಸಂಕಟ.

ಎಯ್ಟ್ ಬಾಲ್ ಒಂದನ್ನೂ ಬಿಡುವುದಿಲ್ಲ. ಎಷ್ಟು ಬೇಗ ಬಡಿದರೂ ಎಣಿಸುತ್ತದೆ. ಫ್ಲಿಪ್ಪರ್ ಏಟು ಗಟ್ಟಿ, ಚುರುಕು. ಆದರೆ ದೊಡ್ಡ ವ್ಯತ್ಯಾಸ ನೆನಪಿನದ್ದು. ಬಿಲಿಯರ್ಡ್ಸ್ ಚೆಂಡುಗಳಂತೆ 1ರಿಂದ 7ರ ತನಕ ಗಳಿಸಿ ಆಮೇಲೆ ಎಂಟನೆಯದಕ್ಕೆ ಹೋಗಬೇಕು. ನಾಲ್ಕು ಜನ ಆಡುತ್ತಿದ್ದರೆ ಯಾರು ಎಷ್ಟು ಚೆಂಡು ಗಳಿಸಿದ್ದಾರೆ ಅಂತ ಒಬ್ಬೊಬ್ಬರದ್ದೂ ಬೇರೆ ಬೇರೆ ನೆನಪಿಟ್ಟು, ನಿಮ್ಮ ಸರದಿ ಬಂದಾಗ ನೀವು ಬಿಟ್ಟ ಜಾಗದಿಂದಲೇ ಕೊಡುತ್ತದೆ. ರಿಲೇ ಮಷೀನಿನಲ್ಲಿ ಇದನ್ನು ಮಾಡಬೇಕಾದರೆ ಒಬ್ಬೊಬ್ಬ ಆಟಗಾರನಿಗೂ ಬೇರೆ ರಿಲೇ ಕಂತೆ ಇಡಬೇಕು, ಪೆಟ್ಟಿಗೆ ಕಪಾಟಿನಷ್ಟಾಗುತ್ತದೆ. ಮನೆಗೆ ನೆಂಟರು ಬಂದಾಗ ಎಲ್ಲರೂ ಎಯ್ಟ್ ಬಾಲ್ ಸುತ್ತ ಯಾಕೆ ನಿಲ್ಲುತ್ತಾರೆ ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

"ಎಲೆಕ್ಟ್ರಾನಿಕ್ ಬಂದ ಮೇಲೆ ಸದ್ದು ಸತ್ತಿತು" ಅನ್ನುವ ಮಾತಿಗೆ ನನ್ನ ತಕರಾರಿದೆ. ಎಯ್ಟ್ ಬಾಲ್‌ನಲ್ಲಿ ಸ್ಪೀಕರ್ ಸದ್ದು ಇಲ್ಲ, ಅಲ್ಲೂ ಲೋಹದ ಪಟ್ಟಿಗೇ ಸುತ್ತಿಗೆ ಬಡಿಯುವುದು. ಪ್ರೊಸೆಸರ್ ಹೇಳುತ್ತದೆ, ಚೈಮ್ ಹಾಡುತ್ತದೆ. ಬ್ಯಾಲಿಯಲ್ಲಿ ಎಲೆಕ್ಟ್ರಾನಿಕ್ ಪೀಂ ಪೀಂ ಶುರುವಾದದ್ದು ಅದರ ನಂತರ. 1979ರಲ್ಲಿ ವಿಲಿಯಮ್ಸ್ ಕಂಪನಿಯ ಗೋರ್ಗಾರ್ ಮಾತೇ ಆಡಿತು. ಹಾಗಾಗಿ ಚಿಪ್ಪಿನ ನೆನಪೂ ಬೇಕು, ನಿಜವಾದ ಟಿಂಗ್ ಕೂಡ ಬೇಕು ಅನ್ನುವವರಿಗೆ 1977, 78ರ ಚೈಮ್ ಇರುವ ಬ್ಯಾಲಿಗಳೇ ಸರಿ. ಆ ವರ್ಷಗಳಲ್ಲಿ ಕಂಪನಿಗಳಿಗೂ ಎರಡು ಮನಸ್ಸು. ಬ್ಯಾಲಿಯ ಮಾತಾ ಹರಿ, ಗಾಟ್ಲೀಬ್‌ನ ಜೋಕರ್ ಪೋಕರ್, ವಿಲಿಯಮ್ಸ್‌ನ ಹಾಟ್ ಟಿಪ್, ಇವು ಒಂದೇ ಆಟ ಎರಡು ಹೊಟ್ಟೆಯಲ್ಲಿ ಬಂದಿದ್ದವು, ರಿಲೇಯದ್ದು ಬೇರೆ, ಚಿಪ್ಪಿನದ್ದು ಬೇರೆ. ಮಾತಾ ಹರಿಯ ರಿಲೇ ಮಷೀನು 170 ಮಾತ್ರ ಮಾಡಿದ್ದಂತೆ, ಈಗ ಸಂಗ್ರಹಕಾರರು ಅದಕ್ಕೆ ಬಾಯಿ ಬಿಡುತ್ತಾರೆ. ನನಗೆ ಯಾರಾದರೂ ಬಿಟ್ಟಿ ಕೊಟ್ಟರೂ ಕಾರವಾರಕ್ಕೆ ತರುವುದಿಲ್ಲ.

ರಾಯಲ್ ಫ್ಲಶ್ ಈಗ ಶಿರಸಿಯಲ್ಲಿದೆ. ದೇವಿಮನೆ ಘಟ್ಟ ಹತ್ತಿಸುವಾಗ ಪ್ರತಿ ತಿರುವಿನಲ್ಲೂ ಒಳಗೆ ಏನೋ ಟಣ್ ಅನ್ನುತ್ತಿತ್ತು, ಚೈಮ್ ಸುತ್ತಿಗೆ ಕಟ್ಟಲು ಮರೆತಿದ್ದೆವು. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಮಳೆ ಏನು ಕಮ್ಮಿಯೇ? ಮೊದಲ ತಿಂಗಳು ಪೆಟ್ಟಿಗೆಯ ಒಳಗೆ ಬೂಷ್ಟು ಬಂತು. ಭಾವ ಕಪಾಟಿನಲ್ಲಿ ರೇಷ್ಮೆ ಸೀರೆಗೆ ಮಾಡುವ ಉಪಾಯ ಮಾಡಿದ, ಒಳಗೆ ಒಂದು 40 ವ್ಯಾಟಿನ ಹಳೇ ಬಲ್ಬು, ಮಳೆಗಾಲ ಪೂರ್ತಿ ಉರಿಯುತ್ತದೆ. ಬೂಷ್ಟು ಹೋಯಿತು, ಕಾಂಟ್ಯಾಕ್ಟ್ ತಿಕ್ಕುವುದು ತಿಂಗಳಿಗೊಮ್ಮೆಗೆ ಇಳಿಯಿತು. ಕಳೆದ ವಾರ ಫೋನ್ ಮಾಡಿದೆ, ಎಂತಾ ಆತೋ ಭಾವ ಅಂತ. "ಇದು ಸಾಯ್ತೂ ಇಲ್ಲೆ, ಪೂರ್ತಿ ಹುಷಾರೂ ಆಗ್ತಿಲ್ಲೆ" ಅಂದ. ಬೇಜಾರಿನ ದನಿ ಅಲ್ಲ ಅದು. ಅಡಿಕೆ ಕೊಯ್ಲು ಮುಗಿದ ಮೇಲೆ ಅವನಿಗೆ ಕೈಗೊಂದು ಕೆಲಸ ಬೇಕು.

ಯಾರಾದರೂ ತರಿಸುವವರಿದ್ದರೆ ಇಷ್ಟು ನೋಡಿಕೊಳ್ಳಿ. ಅಮೆರಿಕದೊಳಗೆ ಮಾರಿದ ಮಷೀನು 115 ವೋಲ್ಟಿನದ್ದು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ದೊಡ್ಡದೇ ಕೊಳ್ಳಿ, ಜೊತೆಗೆ ಸ್ಟೆಬಿಲೈಸರ್. ಬ್ಯಾಲಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ 220ಕ್ಕೆ ಬದಲಿಸುವ ತುದಿಗಳು ಇರುತ್ತವೆ, ತಿಳಿದವರ ಹತ್ತಿರ ಬದಲಿಸಿಕೊಳ್ಳಿ. ಎಲೆಕ್ಟ್ರಾನಿಕ್ ಆದರೆ ದುಡ್ಡು ಕೊಡುವ ಮೊದಲು ಹಿಂದಿನ ಪೆಟ್ಟಿಗೆ ತೆಗೆಸಿ ಬ್ಯಾಟರಿಯ ಸುತ್ತ ಹಸಿರಿದೆಯಾ ನೋಡಿ. ಹಿಂಭಾಗದ ಗಾಜಿನ ಬಣ್ಣ ಹಪ್ಪಳದ ಹಾಗೆ ಏಳುತ್ತಿದ್ದರೆ ಚೌಕಾಸಿ ಮಾಡಿ, ಯಾಕೆಂದರೆ ನಮ್ಮ ಹವೆಗೆ ಅದು ಇನ್ನೂ ಏಳುತ್ತದೆ. ಸಮುದ್ರದ ಹತ್ತಿರ ಮನೆ ಇದ್ದು ಮೊದಲ ಮಷೀನು ಕೊಳ್ಳುತ್ತಿದ್ದರೆ ಚಿಪ್ಪಿನದ್ದು. ಘಟ್ಟದ ಮೇಲೆ ಮನೆ, ಕೈಯಲ್ಲಿ ಸಮಯ, ರಿಪೇರಿಯೇ ಆಟ ಅನ್ನುವ ಜಾತಿಯವರಾದರೆ ರಿಲೇಯದ್ದು.

ಎಯ್ಟ್ ಬಾಲ್‌ನಲ್ಲಿ ಸದ್ಯಕ್ಕೆ ಹೈ ಸ್ಕೋರ್ 3,84,210, ಅದು ನನ್ನದು. ಭಾವ ಚೌತಿಗೆ ಬರುವವನಿದ್ದಾನೆ. ಅವನು ಬರುವ ಮೊದಲು ಸೆಲ್ ಬದಲಿಸಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಆ ಅಂಕಿ ಅಳಿಸಿಹೋಗಿ, ಇತ್ತು ಅಂತ ನಾನು ಎಷ್ಟು ಹೇಳಿದರೂ ಅವನು ನಂಬುವುದಿಲ್ಲ.